ಆಕಾಶದಿಂದ ಇಳಿದ ಪಾಠಶಾಲೆ

ವಿಜಯಪುರವೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಗೋಳಗುಮ್ಮಟ. ಆದರೆ ಭಾರತದ ಸಮೂಹ ಮಾಧ್ಯಮಗಳ ಇತಿಹಾಸದಲ್ಲಿಯೂ ಈ ಜಿಲ್ಲೆಗೆ ಒಂದು ವಿಶಿಷ್ಟ ಸ್ಥಾನವುಂಟು.

1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಮ್ಮ ದೇಶದಲ್ಲಿ ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗ, ಅಂದರೆ ‘ಸೈಟ್’, ನಡೆಯಿತು. ಇಸ್ರೋ ಸಂಸ್ಥೆಯು ಅಮೆರಿಕದ ನಾಸಾದಿಂದ ಎಟಿಎಸ್-6 ಎಂಬ ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಪಡೆದು, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮಗಳನ್ನು ತಲುಪಿಸಿತು. ಈ ಕನಸು ಕಂಡ ವಿಕ್ರಂ ಸಾರಾಭಾಯಿಯವರು 1971ರಲ್ಲಿಯೇ ಅಗಲಿದ್ದರು. ಕರ್ನಾಟಕದಲ್ಲಿ ಆಯ್ಕೆಯಾದವು ಬಿಜಾಪುರ, ಗುಲ್ಬರ್ಗಾ ಹಾಗೂ ರಾಯಚೂರು ಜಿಲ್ಲೆಗಳು. ರಾಜಧಾನಿ ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಆರಂಭವಾದದ್ದು 1981ರಲ್ಲಿ. ಬರಪೀಡಿತವೆನಿಸಿಕೊಂಡ ನಮ್ಮ ಸೀಮೆಯ ಹಳ್ಳಿಗರು ಅದಕ್ಕೂ ಆರು ವರ್ಷ ಮೊದಲೇ ದೂರದರ್ಶನವನ್ನು ಕಂಡಿದ್ದರು.

ತಂತಿಜಾಲರಿಯ ದೊಡ್ಡ ಬುಟ್ಟಿಯಂತಹ ಆಂಟೆನಾ, ಊರಿಗೊಂದೇ ಪೆಟ್ಟಿಗೆ. ಬೆಳಿಗ್ಗೆ ಐದರಿಂದ ಹನ್ನೆರಡು ವರ್ಷದ ಶಾಲಾ ಮಕ್ಕಳಿಗೆ ಪಾಠ. ಸಂಜೆ ಹಿರಿಯರಿಗೆ ಬೇಸಾಯ, ಆರೋಗ್ಯ, ಕುಟುಂಬ ಕಲ್ಯಾಣದ ವಿಚಾರ. ಸಂಜೆಯ ಪ್ರಸಾರದಲ್ಲಿ ಒಂದೇ ಚಿತ್ರಕ್ಕೆ ಎರಡು ಧ್ವನಿಗಳಿದ್ದವು: ಆಂಧ್ರದವರು ತೆಲುಗಿನಲ್ಲಿ ಕೇಳುತ್ತಿದ್ದಾಗ ನಮ್ಮವರು ಕನ್ನಡದಲ್ಲಿ ಕೇಳುತ್ತಿದ್ದರು. ಚಿತ್ರವು ತಾನಾಗಿ ಮಾತನಾಡುವುದಿಲ್ಲ, ಅದಕ್ಕೆ ಮಾತು ಕೊಡುವವರು ಬೇರೆ ಇದ್ದಾರೆ ಎಂಬ ಸತ್ಯ ಅಲ್ಲಿಯೇ ಅಡಗಿತ್ತು. ಆದರೆ ಅದನ್ನು ಯಾರೂ ಪಾಠವಾಗಿ ಹೇಳಲಿಲ್ಲ. ದೂರದರ್ಶನದ ಮೂಲಕ ಕಲಿಸುವುದೇ ಆ ಪ್ರಯೋಗದ ಗುರಿಯಾಗಿತ್ತು. ದೂರದರ್ಶನವನ್ನೇ ಕುರಿತು ಕಲಿಸುವ ಕಾಲ ಇನ್ನೂ ಬಂದಿರಲಿಲ್ಲ.

ಧರ್ಮಸಭೆಯು ಈ ಅಗತ್ಯವನ್ನು ಮೊದಲೇ ಗುರುತಿಸಿತ್ತು. ಜಗದ್ಗುರು ಹನ್ನೊಂದನೆಯ ಭಕ್ತಿನಾಥರು 1936ರಲ್ಲಿಯೇ ಚಲನಚಿತ್ರವನ್ನು ಕುರಿತು ವಿಶ್ವಪತ್ರ ಬರೆದರು. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ಹೊರಡಿಸಿದ ‘ಇಂತೆರ್ ಮಿರಿಫಿಕಾ’ ಆಜ್ಞಾಪತ್ರವು, ಮಾಧ್ಯಮಗಳನ್ನು ವಿವೇಕದಿಂದ ಬಳಸುವ ಶಿಕ್ಷಣವನ್ನು ಕಥೋಲಿಕ ಶಾಲೆಗಳ ಎಲ್ಲ ಹಂತಗಳಲ್ಲಿಯೂ ಗುರುಮಠಗಳಲ್ಲಿಯೂ ನೀಡಬೇಕೆಂದು ಕರೆಕೊಟ್ಟಿತು. ಅರವತ್ತು ವರ್ಷಗಳು ಕಳೆದಿವೆ. ಆ ಕರೆಗೆ ನಾವು ಎಷ್ಟರಮಟ್ಟಿಗೆ ಓಗೊಟ್ಟಿದ್ದೇವೆ?

1975ರಲ್ಲಿ ಶಾಲೆಯ ಅಂಗಳದಲ್ಲಿ ಕುಳಿತು ನೋಡಿದ ಮಕ್ಕಳು ಇಂದು ಅಜ್ಜ ಅಜ್ಜಿಯರಾಗಿದ್ದಾರೆ. ಈಗ ತಾಲ್ಲೂಕು ಕೇಂದ್ರಗಳಾಗಿರುವ ತಿಕೋಟಾ, ಬಬಲೇಶ್ವರಗಳ ದ್ರಾಕ್ಷಿ ತೋಟಗಳ ನಡುವೆ ಬೆಳೆಯುತ್ತಿರುವ ಅವರ ಮೊಮ್ಮಕ್ಕಳ ಕೈಯಲ್ಲಿ ಮೊಬೈಲ್ ಇದೆ. ಅಂದು ಊರೆಲ್ಲ ಕೂಡಿ ನೋಡುತ್ತಿತ್ತು; ನೋಡಿದ್ದನ್ನು ಕಟ್ಟೆಯ ಮೇಲೆ ಕುಳಿತು ಚರ್ಚಿಸುವ ಅವಕಾಶವಿತ್ತು. ಇಂದು ಒಬ್ಬೊಬ್ಬರೇ ನೋಡುತ್ತಾರೆ, ಒಬ್ಬೊಬ್ಬರೇ ನಂಬುತ್ತಾರೆ. ಒಂದು ಸುಳ್ಳು ವಿಡಿಯೋ ನೆರೆಹೊರೆಯವರ ನಡುವೆ ದ್ವೇಷ ಬಿತ್ತಲು ಕೆಲವು ನಿಮಿಷಗಳು ಸಾಕು.

ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾನಿಲಯದಲ್ಲಿ ಪತ್ರಿಕೋದ್ಯಮದ ವಿಭಾಗವಿದೆ. ಆದರೆ ಅಲ್ಲಿಗೆ ಹೋಗುವವರು ಕೆಲವರೇ. ಮೊಬೈಲ್ ಹಿಡಿಯುವವರು ಎಲ್ಲರೂ. ಆದ್ದರಿಂದ ಪಿಯುಸಿ ವಯಸ್ಸಿನಲ್ಲಿಯೇ ಈ ಅಧ್ಯಯನ ಆರಂಭವಾಗಬೇಕು. ಇದಕ್ಕೆ ಪಠ್ಯಪುಸ್ತಕಕ್ಕಾಗಿ ಕಾಯಬೇಕಿಲ್ಲ. ಧರ್ಮೋಪದೇಶದ ತರಗತಿಯಲ್ಲಿ ಒಂದು ಚಿಕ್ಕ ಚಿತ್ರವನ್ನೋ ಜಾಹೀರಾತನ್ನೋ ತೋರಿಸಿ ನಾಲ್ಕು ಪ್ರಶ್ನೆ ಕೇಳಬಹುದು: ಇದನ್ನು ಮಾಡಿದವರು ಯಾರು? ಹಣ ಕೊಟ್ಟವರು ಯಾರು? ಯಾರನ್ನು ತೋರಿಸದೆ ಬಿಟ್ಟಿದ್ದಾರೆ? ಧ್ವನಿಯನ್ನು ನಿಲ್ಲಿಸಿ ನೋಡಿದರೆ ಅರ್ಥ ಬದಲಾಗುತ್ತದೆಯೇ? ಇವೇ ಪ್ರಶ್ನೆಗಳನ್ನು ರಾತ್ರಿಯ ಜಪಸರದ ಬಳಿಕ ಮನೆಯಲ್ಲಿಯೂ ಕೇಳಬಹುದು.

ಬಿತ್ತುವವನ ಸಾಮತಿಯನ್ನು ಹೇಳಿದ ಪ್ರಭು ಯೇಸು, ನೀವು ಹೇಗೆ ಕೇಳುತ್ತೀರೆಂಬುದರ ಬಗ್ಗೆ ಎಚ್ಚರವಿರಲಿ ಎಂದು ಶಿಷ್ಯರಿಗೆ ಬೋಧಿಸಿದರು (ಲೂಕ 8:18). ಹೇಗೆ ನೋಡುತ್ತೇವೆಂಬುದಕ್ಕೂ ಆ ಎಚ್ಚರ ಅನ್ವಯಿಸುತ್ತದೆ. ಆಕಾಶದಿಂದ ಪಾಠ ಇಳಿದ ಈ ನೆಲದಲ್ಲಿ ನಮ್ಮ ಮಕ್ಕಳಿಗೆ ಅದನ್ನು ಕಲಿಸುವ ಹೊಣೆ ಮನೆಯದು, ಶಾಲೆಯದು, ಧರ್ಮಕೇಂದ್ರದ್ದು.