ಬೆಳಕಿನ ಶಾಸ್ತ್ರದಲ್ಲಿ ಗುರುಶಿಷ್ಯರು

ಪೂರ್ವಪಕ್ಷವನ್ನು ಕೇಳದೆ ಸಿದ್ಧಾಂತವನ್ನು ಹೇಳಬಾರದೆಂದು ನಮಗೆ ಪಾಠಶಾಲೆಯಲ್ಲಿ ಕಲಿಸಿದ್ದರು. ಗೃಹದೊಳಗೆ ಹಗಲಿನ ಬೆಳಕೆಷ್ಟು ಬರುವುದೆಂಬ ಗಣಿತದ ಚರಿತ್ರೆಯೂ ಇದನ್ನೇ ಸಾರುತ್ತದೆ.

1942ರಲ್ಲಿ ಅಮೆರಿಕೆಯ ಮೂನ್ ಮತ್ತು ಸ್ಪೆನ್ಸರ್ ಎಂಬ ವಿದ್ವಾಂಸರು ಮೋಡ ಮುಸುಕಿದ ಆಕಾಶಕ್ಕೊಂದು ಸೂತ್ರವನ್ನು ರಚಿಸಿದರು. ಅದರಂತೆ ನಡುನೆತ್ತಿಯ ಕಾಂತಿಯು ದಿಗಂತದ ಕಾಂತಿಯ ಮೂರರಷ್ಟು. 1955ರಲ್ಲಿ ಅಂತರರಾಷ್ಟ್ರೀಯ ಮಂಡಲಿಯು ಅದನ್ನಂಗೀಕರಿಸಿತು. ಆದರೆ ನಮ್ಮ ದೇಶದ ಆಕಾಶವು ಬಹುಕಾಲ ನಿರ್ಮಲವಾದುದು. ಆದುದರಿಂದ 1975ರ ಭಾರತೀಯ ಮಾನಕವು ಸೂರ್ಯನು 15 ಅಂಶ ಮೇಲೇರಿದ ನಿರ್ಮಲಾಕಾಶವನ್ನೂ 8,000 ಲಕ್ಸ್ ಬೆಳಕನ್ನೂ ಆಧಾರವಾಗಿ ಹಿಡಿಯಿತು.

1983ರಲ್ಲಿ ಟ್ರೆಗೆಂಜಾ, ವಾಟರ್ಸ್ ಎಂಬವರು ಆಕಾಶವನ್ನು ಖಂಡಗಳಾಗಿ ವಿಭಜಿಸಿ, ಒಂದೊಂದು ಖಂಡದಿಂದ ಕೊಠಡಿಗೆ ಸಲ್ಲುವ ಪಾಲನ್ನು ಗಣಿಸುವ ಕ್ರಮವನ್ನು ತೋರಿಸಿದರು. ಇಂಗ್ಲೆಂಡಿನ ಡಿ ಮಾಂಟ್‌ಫರ್ಟ್ ವಿಶ್ವವಿದ್ಯಾಲಯದಲ್ಲಿ ಮಾರ್ಡಲ್ಜೆವಿಕ್ ಎಂಬವರು 2000ನೆಯ ಇಸವಿಯ ತಮ್ಮ ಡಾಕ್ಟರೇಟ್ ಪ್ರಬಂಧದಲ್ಲಿ ಗಣಕದ ಲೆಕ್ಕವನ್ನು ನಿಜವಾಗಿ ಅಳೆದ ಬೆಳಕಿನೊಡನೆ ಹೋಲಿಸಿ ಪರೀಕ್ಷಿಸಿದರು.

ಈ ವಿದ್ಯೆಯಲ್ಲಿ ಅಳತೆಯೇ ಪೂರ್ವಪಕ್ಷ. ಸೂತ್ರವನ್ನು ಮಾತ್ರ ಒಪ್ಪಿಸುವ ಗುರುವು ಕಂಠಪಾಠಿಯನ್ನು ಸಿದ್ಧಗೊಳಿಸುವನು. ಅದರೊಡನೆ ಮಾಪಕವನ್ನೂ ಕೊಟ್ಟು, "ನಿನ್ನೂರಿನ ಆಕಾಶವನ್ನು ನೋಡಿ ಬಾ" ಎಂದು ಕಳುಹುವವನು ಸಂಶೋಧಕನನ್ನು ಸಿದ್ಧಗೊಳಿಸುವನು. ಹಾಗೆ ಹೋದವನು ಗುರುವಿನ ಮಾತನ್ನೇ ಅಲ್ಲಗಳೆದು ಬಂದರೆ, ಆ ಸೋಲು ಗುರುವಿಗೆ ಭೂಷಣವೇ ಸರಿ.