ಮಟನ್, ಉಣ್ಣಿ ಮತ್ತ ನಾಕ ತಾಸು

ತಿಂದ ಕೂಡ್ಲೆ ಮೈ ಕೆರದ್ರ ಅದು ಅಲರ್ಜಿ, ಇದು ನಮ್ಮ ಮನಿ ಲೆಕ್ಕ. ಡಾಕ್ಟರ ಲೆಕ್ಕನೂ ಹೆಚ್ಚುಕಡಿಮಿ ಹಂಗ ಇತ್ತು. ಸಂಜಿಗೆ ಮಟನ್ ಉಂಡು, ನಡುರಾತ್ರಿ ಮೈತುಂಬ ಗಾದರಿ ಎದ್ದು ಉಸಿರು ಕಟ್ಟಿದವ್ರು 'ಮಟನ್‌ದಿಂದನ ಆತು' ಅಂದ್ರ ಯಾರು ನಂಬ್ಯಾರು?

ಈ ಗಂಟು ಬಿಚ್ಚಿದ್ದು ಕ್ಯಾನ್ಸರ್ ಔಷಧದಿಂದ. 2004ರಾಗ ಅಮೆರಿಕಾದಾಗ ಸೆಟುಕ್ಸಿಮ್ಯಾಬ್ ಬಂತು. ಟೆನೆಸಿ, ನಾರ್ತ್ ಕ್ಯಾರೊಲಿನಾ ಕಡೆ ಬಾಳ ಮಂದಿಗೆ ಮೊದಲ್ನೇ ಸಲಕ್ಕನ ಅದು ಜೀವಕ್ಕ ಬಂತು. ವರ್ಜೀನಿಯಾ ವಿಶ್ವವಿದ್ಯಾಲಯದ ಥಾಮಸ್ ಪ್ಲ್ಯಾಟ್ಸ್-ಮಿಲ್ಸ್ ಮತ್ತವರ ಜತೆಗಾರರು 2008ರಾಗ ಕಾರಣ ಬರೆದರು: ಔಷಧದಾಗಿದ್ದ ಆಲ್ಫಾ-ಗ್ಯಾಲ್ ಅನ್ನೋ ಸಕ್ಕರಿ ಅಂಶ. ಕುರಿ, ದನ, ಹಂದಿ ಮಾಂಸದಾಗೂ ಅದು ಅದ. ಕೋಳಿ, ಮೀನಿನಾಗ ಇಲ್ಲ. ಮರುವರ್ಷ 24 ಮಂದಿ ವರದಿ ಬಂತು: ಮಾಂಸ ತಿಂದ 3ರಿಂದ 6 ತಾಸಿನ ಮ್ಯಾಲೆ ಗಾದರಿ.

ಮಾಂಸ ಒಗ್ಗದಂಗ ಮಾಡಿದ್ದು ಉಣ್ಣಿ ಹುಳ. ಸಿಡ್ನಿಯ ಡಾಕ್ಟರ್ ಶೆರಿಲ್ ವಾನ್ ನ್ಯೂನೆನ್ ಉಣ್ಣಿ ಕಡತಕ್ಕೂ ಮಾಂಸದ ಅಲರ್ಜಿಗೂ ಇರೋ ನಂಟು 2007ರಾಗನ ಹೇಳಿದ್ದರು.

ನಾರ್ತ್ ಕ್ಯಾರೊಲಿನಾದ ನಮ್ಮ ಅಡಗಿಮನ್ಯಾಗ ಈಗ ಕೋಳಿಸಾರು, ಮೀನು ಅಷ್ಟ. ಹಾಲು, ತುಪ್ಪ ಬಾಳ ಮಂದಿಗೆ ನಡೀತದ, ನನಗ ನಡಿಯೂದಿಲ್ಲ, ಒಗ್ಗರಣಿ ಎಣ್ಣ್ಯಾಗನ. ಗುಳಗಿ ತಗೊಳ್ಳೂಕಿಂತ ಮೊದ್ಲ ಕವಚ ಜೆಲಾಟಿನ್ ಏನು ಅಂತ ಓದತೀನಿ.

ಆದ್ರ ನನ್ನ ಡಾಕ್ಟರ್ ಮೊದಲ ದಿನಾನ ಕೇಳಿದ್ರು, 'ಉಣ್ಣಿ ಕಡದಿತ್ತೇನ್ರಿ? ನಾಕ ತಾಸಿನ ಹಿಂದ ಏನು ಉಂಡಿದ್ರಿ?' ನನಗಿಂತ ಮುಂಚಿನವ್ರಿಗೆ ಈ ಪ್ರಶ್ನೆ ಕೇಳೋರು ಇರಲಿಲ್ಲ ನೋಡ್ರಿ.