ಸೆಟ್‌ಟಾಪ್ ಬಾಕ್ಸ್‌ನಲ್ಲಿ ರೆಕಾರ್ಡಿಂಗ್ ಆಗ್ತಿಲ್ವಾ? ಹೊಸ ಬಾಕ್ಸ್ ತರೋ ಮುಂಚೆ ಇಷ್ಟು ನೋಡಿ

ಮಗಳು ಚಂದನದ 'ಥಟ್ ಅಂತ ಹೇಳಿ'ಯಲ್ಲಿ ಕೂತಿರ್ತಾಳೆ, ಊರಿನ ಭಜನಾ ತಂಡದ ಹಾಡು ದೂರದರ್ಶನದಲ್ಲಿ ಬರುತ್ತೆ, ಅಪ್ಪನ ಕೃಷಿ ಸಂದರ್ಶನ ಪ್ರಸಾರ ಆಗುತ್ತೆ. ಮನೆಯವರೆಲ್ಲ ಸೇರಿ ನೋಡ್ತಾರೆ, ಪೆನ್‌ಡ್ರೈವ್‌ಗೆ ರೆಕಾರ್ಡಿಂಗೂ ಹಾಕ್ತಾರೆ. ಮಾರನೇ ದಿನ ತೆಗೆದು ನೋಡಿದ್ರೆ ಅರ್ಧಕ್ಕೇ ನಿಂತಿರುತ್ತೆ, ಇಲ್ಲಾಂದ್ರೆ ಫೈಲೇ ಇರಲ್ಲ. ಚಂದನದ ಎಷ್ಟೋ ಕಾರ್ಯಕ್ರಮ ಆಮೇಲೆ ಯೂಟ್ಯೂಬ್‌ನಲ್ಲಿ ಸಿಗುತ್ತೆ ನಿಜ, ಆದ್ರೆ ಎಲ್ಲವೂ ಸಿಗಲ್ಲ. ಒಂದೇ ಸಲ ಪ್ರಸಾರ ಆಗಿ ಹೋದದ್ದು ಹೋಯ್ತು.

ಇಂಥ ಹೊತ್ತಲ್ಲಿ ಎಲ್ಲರೂ ಮೊದಲು ಬೈಯೋದು ಬಾಕ್ಸನ್ನ. ಬಾಕ್ಸ್ ನಿಜವಾಗ್ಲೂ ಕೆಟ್ಟಿರೋದು ಕಡಿಮೆ. ಪೆನ್‌ಡ್ರೈವ್, ಗಡಿಯಾರ, ಕರೆಂಟು, ಈ ಮೂರರಲ್ಲೇ ತೊಂದರೆ ಇರೋದು ಜಾಸ್ತಿ. ಇಲ್ಲಿ ಬರೆದಿರೋದು ಮುಖ್ಯವಾಗಿ ಡಿಡಿ ಫ್ರೀ ಡಿಶ್ ಬಾಕ್ಸ್ ಇಟ್ಟುಕೊಂಡವರಿಗೆ. 2004ರ ಡಿಸೆಂಬರ್‌ನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಅನ್ನೋ ಹೆಸರಲ್ಲಿ ಶುರುವಾದ ಸೇವೆ ಇದು, ತಿಂಗಳ ದುಡ್ಡಿಲ್ಲ. ದುಡ್ಡು ಕಟ್ಟೋ ಡಿಟಿಎಚ್‌ನವರಿಗೆ ಮತ್ತು ಹಳೇ ವಿಸಿಆರ್ ಇನ್ನೂ ಬಿಡದವರಿಗೆ ಕೊನೆ ಕಡೆ ಬೇರೆ ಬರೆದಿದ್ದೀವಿ.

ಯುಎಸ್‌ಬಿ ತೂತು ಇದ್ದ ಮಾತ್ರಕ್ಕೆ ರೆಕಾರ್ಡ್ ಆಗಲ್ಲ

ಕೆಲವು ಬಾಕ್ಸ್‌ಗಳಲ್ಲಿ ಯುಎಸ್‌ಬಿ ಇರೋದು ಹಾಡು, ಫೋಟೋ ನೋಡೋಕೆ ಮತ್ತು ಸಾಫ್ಟ್‌ವೇರ್ ಹಾಕೋಕೆ ಮಾತ್ರ. ಮೆನುವಿನಲ್ಲಿ ಪಿವಿಆರ್ ಅಥವಾ ರೆಕಾರ್ಡ್ ಅಂತ ಇದೆಯಾ, ರಿಮೋಟ್‌ನಲ್ಲಿ ಕೆಂಪು ಚುಕ್ಕೆಯ ಬಟನ್ ಇದೆಯಾ ನೋಡಿ. ಎರಡೂ ಇಲ್ಲ ಅಂದ್ರೆ ಆ ಬಾಕ್ಸ್‌ನಲ್ಲಿ ರೆಕಾರ್ಡಿಂಗ್ ಇಲ್ಲ, ಎಷ್ಟು ಗುದ್ದಾಡಿದ್ರೂ ಆಗಲ್ಲ. ಬಟನ್ ಇದ್ದು, ಒತ್ತಿದಾಗ 'ಡಿವೈಸ್ ಇಲ್ಲ' ಅಂತ ಬಂದ್ರೆ ಮಾತ್ರ ಮುಂದಕ್ಕೆ ಓದಿ.

ಪೆನ್‌ಡ್ರೈವ್ ತಂಟೆ

ಪೆನ್‌ಡ್ರೈವ್‌ನೊಳಗೆ ಫೈಲ್ ಜೋಡಿಸಿಡೋ ಪದ್ಧತಿಗಳು ಬೇರೆ ಬೇರೆ ಇವೆ: ಫ್ಯಾಟ್32, ಎಕ್ಸ್‌ಫ್ಯಾಟ್, ಎನ್‌ಟಿಎಫ್‌ಎಸ್. ಕಂಪ್ಯೂಟರ್‌ಗೆ ಮೂರೂ ಗೊತ್ತು. ಕಡಿಮೆ ಬೆಲೆಯ ಸೆಟ್‌ಟಾಪ್ ಬಾಕ್ಸ್‌ಗೆ ಫ್ಯಾಟ್32 ಖಂಡಿತ ಗೊತ್ತಿರುತ್ತೆ, ಉಳಿದದ್ದು ಹೇಳೋಕಾಗಲ್ಲ. 64 ಜಿಬಿ ಮತ್ತು ಅದಕ್ಕಿಂತ ದೊಡ್ಡ ಪೆನ್‌ಡ್ರೈವ್‌ಗಳು ಎಷ್ಟೋ ಸಲ ಎಕ್ಸ್‌ಫ್ಯಾಟ್‌ನಲ್ಲೇ ಬರ್ತವೆ. ಅದನ್ನ ಬಾಕ್ಸ್‌ಗೆ ಚುಚ್ಚಿದ್ರೆ ಗುರುತೇ ಹಿಡಿಯಲ್ಲ. ಎನ್‌ಟಿಎಫ್‌ಎಸ್ ಆದ್ರೆ ಇನ್ನೊಂದು ತಮಾಷೆ: ಕೆಲವು ಬಾಕ್ಸ್ ಅದರಲ್ಲಿರೋ ಸಿನಿಮಾ ಚೆನ್ನಾಗೇ ತೋರಿಸ್ತವೆ, ಆದ್ರೆ ಅದರ ಮೇಲೆ ಬರೆಯೋಕೆ ಬರಲ್ಲ. ಸಿನಿಮಾ ಓಡ್ತಿದೆಯಲ್ಲ, ಪೆನ್‌ಡ್ರೈವ್ ಸರಿ ಇದೆ ಅಂದ್ಕೊಂಡು ಜನ ಬಾಕ್ಸನ್ನ ರಿಪೇರಿಗೆ ಹೊತ್ಕೊಂಡು ಹೋಗೋದು ಇದೇ ಕಾರಣಕ್ಕೆ.

ಸುಲಭದ ದಾರಿ ಅಂದ್ರೆ, ಪೆನ್‌ಡ್ರೈವನ್ನ ಬಾಕ್ಸ್‌ನ ಮೆನುವಿನಲ್ಲೇ ಫಾರ್ಮ್ಯಾಟ್ ಮಾಡಿ. ಪಿವಿಆರ್ ಸೆಟ್ಟಿಂಗ್ ಒಳಗೆ ಫಾರ್ಮ್ಯಾಟ್ ಅಂತ ಇರುತ್ತೆ. ಅದರಲ್ಲಿರೋದೆಲ್ಲ ಅಳಿಸಿ ಹೋಗುತ್ತೆ, ಹಾಗಾಗಿ ಮದುವೆ ಫೋಟೋ ಗಿಟೋ ಇದ್ರೆ ಮೊದಲು ಬೇರೆ ಕಡೆ ಹಾಕ್ಕೊಳ್ಳಿ. ರೆಕಾರ್ಡಿಂಗ್‌ಗೆ ಅಂತಲೇ ಒಂದು ಪೆನ್‌ಡ್ರೈವ್ ಬೇರೆ ಇಟ್ಟುಬಿಡೋದು ವಾಸಿ.

ಫ್ಯಾಟ್32ಕ್ಕೆ ಒಂದು ಮಿತಿ ಇದೆ. ಒಂದು ಫೈಲ್ 4 ಜಿಬಿ ದಾಟೋ ಹಂಗಿಲ್ಲ. ಒಳ್ಳೇ ಬಾಕ್ಸ್‌ಗಳು 4 ಜಿಬಿ ಬಂದ ಕೂಡ್ಲೇ ತಾವೇ ಎರಡನೇ ಫೈಲ್ ಶುರು ಮಾಡ್ತವೆ. ಕೆಲವು ಅಲ್ಲಿಗೇ ನಿಲ್ಲಿಸಿಬಿಡ್ತವೆ. ಲೆಕ್ಕ ಹೀಗೆ: ಸೆಕೆಂಡಿಗೆ 1 ಮೆಗಾಬಿಟ್ ಬರೋ ಚಾನೆಲ್ ಗಂಟೆಗೆ 450 ಎಂಬಿ ತಿನ್ನುತ್ತೆ. ಸಾಮಾನ್ಯ ಚಾನೆಲ್ 3 ಮೆಗಾಬಿಟ್ ಇದ್ರೆ ಗಂಟೆಗೆ 1.35 ಜಿಬಿ, ಅಂದ್ರೆ ಸುಮಾರು ಮೂರು ಗಂಟೆಗೆ 4 ಜಿಬಿ. ಎಚ್‌ಡಿ ಚಾನೆಲ್ 7 ಮೆಗಾಬಿಟ್ ಇದ್ರೆ ಒಂದೂಕಾಲು ಗಂಟೆಗೇ ಮುಗೀತು. ಯಕ್ಷಗಾನ, ನಾಟಕ ಹಾಕಿದಾಗ ಪ್ರತಿ ಸಲ ಹತ್ತಿರ ಹತ್ತಿರ ಅದೇ ಅಳತೆಗೆ ನಿಲ್ತಿದ್ರೆ ಕಾರಣ ಇದೇ. ಬಾಕ್ಸ್ ಎನ್‌ಟಿಎಫ್‌ಎಸ್‌ಗೆ ಬರೆಯುತ್ತಾ ಅಂತ ಒಂದು ಸಲ ಪರೀಕ್ಷೆ ಮಾಡಿ. ಇಲ್ಲಾಂದ್ರೆ ಮಧ್ಯೆ ಜಾಹೀರಾತು ಬಂದಾಗ ನಿಲ್ಲಿಸಿ ಮತ್ತೆ ಶುರು ಮಾಡಿ.

ಇನ್ನು ನಕಲಿ ಪೆನ್‌ಡ್ರೈವ್. ಮೇಲೆ ದೊಡ್ಡದಾಗಿ 512 ಜಿಬಿ ಅಂತ ಅಚ್ಚು ಹಾಕಿ ಚಿಲ್ಲರೆ ದುಡ್ಡಿಗೆ ಮಾರ್ತಾರಲ್ಲ, ಅದರೊಳಗೆ 8 ಜಿಬಿಯೋ 16 ಜಿಬಿಯೋ ಇರುತ್ತೆ. ಕಂಪ್ಯೂಟರ್‌ಗೂ 512 ಅಂತಲೇ ಸುಳ್ಳು ಹೇಳುತ್ತೆ. ಒಳಗಿನ ನಿಜವಾದ ಜಾಗ ತುಂಬೋ ತನಕ ಎಲ್ಲ ಸರಿ, ಆಮೇಲೆ ಬರೆದದ್ದೆಲ್ಲ ನೀರಲ್ಲಿ ಹೋಮ. ರೆಕಾರ್ಡ್ ಆಗ್ತಿದೆ ಅಂತ ಪರದೆ ಮೇಲೆ ಕೆಂಪು ಗುರುತು ತೋರಿಸ್ತಾನೇ ಇರುತ್ತೆ, ತೆಗೆದ್ರೆ ಏನೂ ಇರಲ್ಲ. ಎಚ್2ಟೆಸ್ಟ್‌ಡಬ್ಲ್ಯೂ ಅನ್ನೋ ಉಚಿತ ಸಾಫ್ಟ್‌ವೇರ್ ಇದೆ, ಪೂರ್ತಿ ಬರೆದು ಓದಿ ನೋಡಿ ನಿಜವಾದ ಅಳತೆ ಹೇಳುತ್ತೆ. ಮೊಬೈಲ್ ಅಂಗಡಿ ಇಟ್ಟವರು ಹೊಸ ಮಾಲು ಬಂದಾಗ ಒಂದೆರಡನ್ನಾದ್ರೂ ಇದರಲ್ಲಿ ಹಾಕಿ ನೋಡಿ. ಗಿರಾಕಿ ಬಂದು ಜಗಳ ಮಾಡೋದು ನಿಮ್ಮ ಹತ್ರಾನೇ, ಹೋಲ್‌ಸೇಲ್‌ನವನ ಹತ್ರ ಅಲ್ಲ.

ಪೆನ್‌ಡ್ರೈವ್ ಬದಲು ಹಾರ್ಡ್‌ಡಿಸ್ಕ್ ಹಾಕೋರಿಗೆ ಒಂದು ಮಾತು. ಯುಎಸ್‌ಬಿ 2.0 ಲೆಕ್ಕದಲ್ಲಿ ಒಂದು ಪೋರ್ಟ್ ಕೊಡೋದು 500 ಮಿಲಿಆಂಪ್. ಹಾರ್ಡ್‌ಡಿಸ್ಕ್ ತಿರುಗೋಕೆ ಶುರು ಮಾಡೋವಾಗ ಅದಕ್ಕಿಂತ ಜಾಸ್ತಿ ಎಳೆಯಬಹುದು. ಆಗ ಡಿಸ್ಕ್ ಟಿಕ್ ಟಿಕ್ ಅಂತ ಸದ್ದು ಮಾಡುತ್ತೆ, ಅಥವಾ ಬಾಕ್ಸೇ ರೀಸ್ಟಾರ್ಟ್ ಆಗುತ್ತೆ. ಸ್ವಂತ ಅಡಾಪ್ಟರ್ ಇರೋ ಹಾರ್ಡ್‌ಡಿಸ್ಕ್ ಅಥವಾ ಕರೆಂಟ್ ಕೊಡೋ ಯುಎಸ್‌ಬಿ ಹಬ್ ಹಾಕಿದ್ರೆ ಸರಿ ಹೋಗುತ್ತೆ.

ಟೈಮರ್ ಇಟ್ಟೆ, ಬೇರೇನೋ ಬಂತು

ರಾತ್ರಿ 9.30ಕ್ಕೆ ಟೈಮರ್ ಇಟ್ಟಿದ್ದು, ಬೆಳಗಿನ ಜಾವ 3 ಗಂಟೆ ಕಾರ್ಯಕ್ರಮ ರೆಕಾರ್ಡ್ ಆಗಿದ್ರೆ ಗಾಬರಿ ಬೇಡ. ಬಾಕ್ಸ್ ತನ್ನ ಸಮಯವನ್ನ ಉಪಗ್ರಹದಿಂದ ಬರೋ ಸಿಗ್ನಲ್‌ನಿಂದ ತಗೊಳ್ಳುತ್ತೆ, ಅದು ಗ್ರೀನ್‌ವಿಚ್ ಲೆಕ್ಕದಲ್ಲಿರುತ್ತೆ. ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಟೈಮ್ ಸೆಟ್ಟಿಂಗ್‌ನಲ್ಲಿ ಜಿಎಂಟಿ +5:30 ಅಂತ ಇರ್ಬೇಕು. ಫ್ಯಾಕ್ಟರಿ ರೀಸೆಟ್ ಮಾಡಿದಾಗ ಇದು ಸೊನ್ನೆಗೆ ಹೋಗೋ ಸಾಧ್ಯತೆ ಇದೆ. ಚಾನೆಲ್ ಹುಡುಕೋಕೆ ರೀಸೆಟ್ ಒತ್ತೋರು ಸಮಯದ ಕಡೆ ನೋಡೋದೇ ಇಲ್ಲ.

ಚಾನೆಲ್ ನಂಬರ್ ಕೂಡ ಬದಲಾಗ್ತಾ ಇರುತ್ತೆ. ಫ್ರೀ ಡಿಶ್‌ನಲ್ಲಿ ಖಾಸಗಿ ಚಾನೆಲ್‌ಗಳ ಜಾಗವನ್ನ ಪ್ರಸಾರ ಭಾರತಿ ಇ-ಹರಾಜು ಹಾಕುತ್ತೆ. ಸಾಮಾನ್ಯವಾಗಿ ಏಪ್ರಿಲ್ ಒಂದರ ಆಸುಪಾಸು ಕೆಲವು ಚಾನೆಲ್ ಹೋಗಿ ಬೇರೆ ಬರ್ತವೆ. ಆಗ ಮತ್ತೆ ಸ್ಕ್ಯಾನ್ ಮಾಡಿದ್ರೆ ಹಳೇ ಟೈಮರ್‌ಗಳನ್ನೆಲ್ಲ ಅಳಿಸಿ ಹೊಸದಾಗಿ ಇಡಿ.

ಟೈಮರ್ ಒಳಗೆ 'ಮೋಡ್' ಅಂತ ಇರುತ್ತೆ. ಕೆಲವು ಬಾಕ್ಸ್‌ನಲ್ಲಿ ಅದು ತಾನಾಗೇ 'ವ್ಯೂ' ಅಂತ ಇರುತ್ತೆ. ಹಂಗಿದ್ರೆ ಹೇಳಿದ ಟೈಮಿಗೆ ಚಾನೆಲ್ ಬದಲಾಗುತ್ತೆ ಅಷ್ಟೇ, ರೆಕಾರ್ಡ್ ಆಗಲ್ಲ. ಅದನ್ನ 'ರೆಕಾರ್ಡ್'ಗೆ ಹಾಕಿ. ಕಾರ್ಯಕ್ರಮಕ್ಕಿಂತ 5 ನಿಮಿಷ ಮುಂಚೆ ಶುರು, 15 ನಿಮಿಷ ತಡವಾಗಿ ನಿಲ್ಲೋ ಹಾಗೆ ಇಡಿ. ಮುಖ್ಯವಾದ ಕಾರ್ಯಕ್ರಮ ಆದ್ರೆ ಹಿಂದಿನ ದಿನ ಅದೇ ಹೊತ್ತಿಗೆ, ಅದೇ ಚಾನೆಲ್, ಅದೇ ಪೆನ್‌ಡ್ರೈವ್ ಹಾಕಿ ಹತ್ತು ನಿಮಿಷ ಟೈಮರ್ ಇಟ್ಟು ನೋಡಿಬಿಡಿ.

ಈ ಬಾಕ್ಸ್‌ಗಳಲ್ಲಿ ಸಾಮಾನ್ಯವಾಗಿ ಟ್ಯೂನರ್ ಇರೋದು ಒಂದೇ. ಚಂದನ ರೆಕಾರ್ಡ್ ಆಗ್ತಿರೋವಾಗ ಅತ್ತೆಯವರು ಧಾರಾವಾಹಿಗೆ ತಿರುಗಿಸಿದ್ರೆ, ಬಾಕ್ಸ್ ಒಂದೋ ರೆಕಾರ್ಡಿಂಗ್ ನಿಲ್ಲಿಸ್ತೀನಿ ಅಂತ ಕೇಳುತ್ತೆ, ಇಲ್ಲಾ ಚಾನೆಲ್ ಬದಲಿಸೋಕೆ ಬಿಡಲ್ಲ. ಒಂದೇ ಟ್ರಾನ್ಸ್‌ಪಾಂಡರ್‌ನಲ್ಲಿ ಬರೋ ಚಾನೆಲ್‌ಗಳನ್ನ ಮಾತ್ರ ಕೆಲವು ಬಾಕ್ಸ್ ಜೊತೆಗೆ ತೋರಿಸ್ತವೆ. ರಿಮೋಟ್ ಎತ್ತಿಡೋದು ಒಳ್ಳೇದು.

ಕರೆಂಟು

ಟಿವಿ ಆಫ್ ಇದ್ರೂ ರೆಕಾರ್ಡ್ ಆಗುತ್ತೆ, ಬಾಕ್ಸ್‌ಗೆ ಕರೆಂಟ್ ಇದ್ರೆ ಸಾಕು. ಆದ್ರೆ ಮಲಗೋ ಮುಂಚೆ ಗೋಡೆ ಸ್ವಿಚ್ ಆರಿಸೋ ಅಭ್ಯಾಸ ನಮ್ಮ ಕಡೆ ಎಲ್ಲರಿಗೂ ಇದೆ. ರಿಮೋಟ್‌ನಲ್ಲಿ ಸ್ಟ್ಯಾಂಡ್‌ಬೈ ಮಾಡಿದ್ರೆ ಟೈಮರ್ ಬಾಕ್ಸನ್ನ ಎಬ್ಬಿಸುತ್ತೆ, ಗೋಡೆ ಸ್ವಿಚ್ ಆರಿಸಿದ್ರೆ ಎಬ್ಬಿಸೋಕೆ ಏನೂ ಇರಲ್ಲ.

ಲೋಡ್‌ಶೆಡ್ಡಿಂಗ್ ಇನ್ನೂ ಕಷ್ಟ. ರೆಕಾರ್ಡ್ ಆಗೋವಾಗ ಕರೆಂಟ್ ಹೋದ್ರೆ ಫೈಲ್ ಸರಿಯಾಗಿ ಮುಚ್ಚಿರಲ್ಲ, ಬಾಕ್ಸ್‌ನ ಪಟ್ಟಿಯಲ್ಲಿ ಕಾಣದೇ ಇರಬಹುದು. ಆಗ ಅದರ ಮೇಲೆ ಬೇರೇನೂ ರೆಕಾರ್ಡ್ ಮಾಡ್ಬೇಡಿ, ಫಾರ್ಮ್ಯಾಟ್ ಅಂತೂ ಬೇಡವೇ ಬೇಡ. ಕಂಪ್ಯೂಟರ್‌ಗೆ ಹಾಕಿ ದೊಡ್ಡ ಫೈಲ್ ಯಾವುದಿದೆ ನೋಡಿ, ವಿಎಲ್‌ಸಿ ಪ್ಲೇಯರ್‌ನಲ್ಲಿ ತೆಗೆಯಿರಿ. ಟಿಎಸ್ ಮಾದರಿ ಫೈಲ್ ಆಗಿದ್ರೆ ಮಧ್ಯೆ ತುಂಡಾಗಿದ್ರೂ ಅಲ್ಲಿವರೆಗಿನದ್ದು ಬಹಳ ಸಲ ಓಡುತ್ತೆ.

ಬಾಕ್ಸ್‌ನ ಅಡಾಪ್ಟರ್ ಮೇಲೆ 12 ವೋಲ್ಟ್ ಅಂತ ಬರೆದಿದ್ರೆ, ವೈಫೈ ರೂಟರ್‌ಗೆ ಹಾಕೋ ಚಿಕ್ಕ ಯುಪಿಎಸ್ ಇದಕ್ಕೂ ಆಗುತ್ತೆ. ಆಂಪ್ ಸಾಕಷ್ಟಿದೆಯಾ, ಪಿನ್ ಕೂರುತ್ತಾ ಅಂತ ನೋಡ್ಕೊಳ್ಳಿ. ಡಿಶ್ ಮೇಲಿರೋ ಎಲ್‌ಎನ್‌ಬಿಗೂ ಕರೆಂಟ್ ಹೋಗೋದು ಬಾಕ್ಸ್‌ನಿಂದಲೇ, ಕೇಬಲ್ ಮೂಲಕ. ಹಾಗಾಗಿ ಬಾಕ್ಸ್ ಒಂದು ಉಳಿದ್ರೆ ರೆಕಾರ್ಡಿಂಗ್ ಉಳೀತು.

ಮಳೆಗಾಲದ ಚೌಕಳಿ

ಚಿತ್ರ ಚೌಕ ಚೌಕವಾಗಿ ಒಡೆದು, ಧ್ವನಿ ಕಿತ್ತು ಕಿತ್ತು ಬಂದ್ರೆ ತಪ್ಪು ಸಿಗ್ನಲ್‌ನದಾ, ಪೆನ್‌ಡ್ರೈವ್‌ನದಾ? ಪ್ರಸಾರ ನೋಡ್ತಿದ್ದಾಗಲೇ ಒಡೆದಿದ್ರೆ ಸಿಗ್ನಲ್. ಪ್ರಸಾರ ಚೆನ್ನಾಗಿದ್ದು ರೆಕಾರ್ಡಿಂಗ್‌ನಲ್ಲಿ ಮಾತ್ರ ಜಿಗಿತಿದ್ರೆ ಪೆನ್‌ಡ್ರೈವ್ ನಿಧಾನ. ಬೇರೆ ಪೆನ್‌ಡ್ರೈವ್‌ನಲ್ಲೂ ಅದೇ ಆದ್ರೆ ಆಗ ಬಾಕ್ಸ್ ಮೇಲೆ ಅನುಮಾನ ಪಡಿ.

ಡಿಟಿಎಚ್ ಕೆಯು ಬ್ಯಾಂಡ್‌ನಲ್ಲಿ ಬರೋದು, ಜೋರು ಮಳೆ ಅದನ್ನ ನುಂಗಿಬಿಡುತ್ತೆ. ಮಳೆ ನಿಂತ ಮೇಲೂ ಒಡೀತಿದ್ರೆ ಎಲ್‌ಎನ್‌ಬಿ ಹತ್ತಿರದ ಕನೆಕ್ಟರ್ ಬಿಚ್ಚಿ ನೋಡಿ, ನೀರು ಹೋಗಿ ಹಸಿರು ತುಕ್ಕು ಹಿಡಿದಿರುತ್ತೆ. ಬಿಚ್ಚೋ ಮುಂಚೆ ಬಾಕ್ಸ್‌ನ ಪ್ಲಗ್ ತೆಗೆದಿಡಿ. ಫ್ರೀ ಡಿಶ್ ಬರೋದು 93.5 ಡಿಗ್ರಿ ಪೂರ್ವದಲ್ಲಿರೋ ಜಿಸ್ಯಾಟ್-15 ಉಪಗ್ರಹದಿಂದ. ಕರ್ನಾಟಕದಿಂದ ನೋಡಿದ್ರೆ ಅದು ಆಗ್ನೇಯ ದಿಕ್ಕಿಗೆ, 60 ಡಿಗ್ರಿಗೂ ಮೇಲೆ ಇದೆ. ಆ ಕಡೆ ತೆಂಗಿನ ಗರಿಯೋ ಅಡಿಕೆ ಸೋಗೆಯೋ ಬೆಳೆದು ಅಡ್ಡ ಬಂದಿದೆಯಾ ನೋಡಿ. ಹೋದ ವರ್ಷ ಅಡ್ಡ ಇರಲಿಲ್ಲ ಅನ್ನೋದು ಲೆಕ್ಕಕ್ಕಿಲ್ಲ, ಮರ ಬೆಳೆಯುತ್ತೆ.

ಸಿಗ್ನಲ್ ಪರದೆಯಲ್ಲಿ ಎರಡು ಪಟ್ಟಿ ಬರ್ತವೆ. ಸ್ಟ್ರೆಂತ್ ಅನ್ನೋದು ಡಿಶ್ ಎತ್ತ ತಿರುಗಿದ್ರೂ ಜಾಸ್ತಿ ತೋರಿಸಬಹುದು, ಕ್ವಾಲಿಟಿ ಅನ್ನೋದನ್ನ ನಂಬಿ. ಬಾಕ್ಸ್‌ನಿಂದ ಬಾಕ್ಸ್‌ಗೆ ಅಂಕಿ ಬೇರೆ, ಹಾಗಾಗಿ ಬಿಸಿಲಿನ ದಿನ ನಿಮ್ಮ ಮನೆಯ ಕ್ವಾಲಿಟಿ ಎಷ್ಟಿದೆ ಅಂತ ಬರೆದಿಟ್ಟುಕೊಳ್ಳಿ. ಮುಂದೆ ಹೋಲಿಸೋಕೆ ಅದೇ ಆಧಾರ.

ದುಡ್ಡು ಕಟ್ಟೋ ಡಿಟಿಎಚ್

ಇಲ್ಲಿ ಕಥೆ ಬೇರೆ. ರೆಕಾರ್ಡ್ ಆದ ಫೈಲಿಗೆ ಬೀಗ ಹಾಕಿರ್ತಾರೆ, ಅದು ಅದೇ ಬಾಕ್ಸ್‌ನಲ್ಲಿ ಮಾತ್ರ ತೆರೆಯುತ್ತೆ. ಪೆನ್‌ಡ್ರೈವನ್ನ ಲ್ಯಾಪ್‌ಟಾಪ್‌ಗೆ ಹಾಕಿದ್ರೆ ಫೈಲ್ ಕಾಣುತ್ತೆ, ಓಡಲ್ಲ. ಅದು ಕೆಟ್ಟಿದ್ದಲ್ಲ, ಮಾಡಿರೋದೇ ಹಾಗೆ. ರೀಚಾರ್ಜ್ ಮುಗಿದ್ರೆ ಹಳೇ ರೆಕಾರ್ಡಿಂಗೂ ತೆರೆಯದೇ ಇರಬಹುದು, ರೆಕಾರ್ಡಿಂಗ್ ಸೌಲಭ್ಯಕ್ಕೇ ಬೇರೆ ಶುಲ್ಕ ಹಾಕೋ ಕಂಪನಿಗಳೂ ಇವೆ. ದೊಡ್ಡ ಅಪಾಯ ಅಂದ್ರೆ ಬಾಕ್ಸ್ ಬದಲಿಸೋದು. ಹಳೇ ಬಾಕ್ಸ್ ಕೊಟ್ಟು ಹೊಸದು ತಗೊಂಡ್ರೆ ಹಳೇ ರೆಕಾರ್ಡಿಂಗ್ ಜೊತೆಗೇ ಹೋಯ್ತು ಅಂತ ತಿಳ್ಕೊಳ್ಳಿ. ಮನೆಯವರು ಬಂದ ಕಾರ್ಯಕ್ರಮ ಅದರಲ್ಲಿದ್ರೆ, ಬಾಕ್ಸ್ ಕೊಡೋ ಮುಂಚೆ ಟಿವಿಯಲ್ಲಿ ಓಡಿಸಿ ಮೊಬೈಲನ್ನ ಸ್ಟ್ಯಾಂಡ್ ಮೇಲಿಟ್ಟು ಹಿಡಿದಾದ್ರೂ ಇಟ್ಟುಕೊಳ್ಳಿ. ಚೆನ್ನಾಗಿ ಬರಲ್ಲ, ಇರುತ್ತೆ ಅಷ್ಟೇ.

ಹಳೇ ವಿಸಿಆರ್ ಇದ್ದವರಿಗೆ

ವಿಸಿಆರ್ ತಯಾರಿಸ್ತಿದ್ದ ಕೊನೇ ಕಂಪನಿ, ಜಪಾನಿನ ಫುನಾಯ್, 2016ರ ಜುಲೈನಲ್ಲಿ ನಿಲ್ಲಿಸ್ತು. ಆದ್ರೂ ಅಟ್ಟದ ಮೇಲೆ ಇಟ್ಟಿರೋರು ಇದ್ದಾರೆ. ಬಾಕ್ಸ್‌ನ ಎವಿ ಔಟ್‌ನಿಂದ ವಿಸಿಆರ್‌ನ ಎವಿ ಇನ್‌ಗೆ ವೈರ್ ಕೊಡಿ: ಹಳದಿ ಚಿತ್ರಕ್ಕೆ, ಕೆಂಪು ಬಿಳಿ ಧ್ವನಿಗೆ. ವಿಸಿಆರ್‌ನಲ್ಲಿ ಚಾನೆಲ್ ನಂಬರ್ ಅಲ್ಲ, ಎವಿ ಅಥವಾ ಲೈನ್ ಅಂತ ಆರಿಸಿ. ಬಾಕ್ಸ್‌ನ ವಿಡಿಯೋ ಮಾದರಿ ಪ್ಯಾಲ್ ಇರ್ಲಿ, ಎನ್‌ಟಿಎಸ್‌ಸಿ ಇದ್ರೆ ಬಣ್ಣ ಹೋಗಬಹುದು, ಚಿತ್ರ ಉರುಳಬಹುದು. ವಿಸಿಆರ್ ಟೈಮರ್ ಬಾಕ್ಸ್‌ನ ಚಾನೆಲ್ ಬದಲಿಸಲ್ಲ, ಬಾಕ್ಸನ್ನ ನೀವೇ ಆ ಚಾನೆಲ್‌ಗೆ ಇಟ್ಟು ಆನ್ ಬಿಟ್ಟಿರ್ಬೇಕು. ಕ್ಯಾಸೆಟ್ ಒಳಗೆ ಹೋಗಿಯೂ ರೆಕಾರ್ಡ್ ಒತ್ತಿದ್ರೆ ಹೊರಗೆ ಬಂದ್ರೆ, ಕ್ಯಾಸೆಟ್ ಬೆನ್ನಿನ ಚಿಕ್ಕ ಪ್ಲಾಸ್ಟಿಕ್ ಹಲ್ಲು ಮುರಿದಿರುತ್ತೆ. ಅಳಿಸಬಾರದು ಅಂತ ಯಾರೋ ಬೇಕಂತಲೇ ಮುರಿದಿರ್ತಾರೆ, ಟೇಪ್ ಅಂಟಿಸೋ ಮುಂಚೆ ಅದರಲ್ಲೇನಿದೆ ಅಂತ ಒಂದು ಸಲ ನೋಡಿ.

ಅಂಗಡಿಯವರಿಗೆ

ಮನೆಯಲ್ಲಿ ನೋಡೋಕೆ ರೆಕಾರ್ಡ್ ಮಾಡ್ಕೊಂಡ್ರೆ ತೊಂದರೆ ಇಲ್ಲ, 1957ರ ಕೃತಿಸ್ವಾಮ್ಯ ಕಾಯ್ದೆಯ 39ನೇ ಕಲಂ ಸ್ವಂತ ಬಳಕೆಗೆ ಅವಕಾಶ ಕೊಡುತ್ತೆ. ಅದನ್ನೇ ಮೆಮೊರಿ ಕಾರ್ಡ್‌ಗೆ ಹಾಕಿ ಮಾರೋದು ಬೇರೆ ವಿಷಯ. 63ನೇ ಕಲಂ ಪ್ರಕಾರ 6 ತಿಂಗಳಿಂದ 3 ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ಇದೆ. ಹೋಟೆಲ್‌ನಲ್ಲಿ ರೆಕಾರ್ಡ್ ಮಾಡಿದ ಸಿನಿಮಾ, ಮ್ಯಾಚ್ ಹಾಕಿ ಗಿರಾಕಿ ಕೂರಿಸೋದೂ ಸ್ವಂತ ಬಳಕೆ ಅಂತ ಅನ್ನಿಸಿಕೊಳ್ಳಲ್ಲ. ಮಗಳು ಟಿವಿಯಲ್ಲಿ ಬಂದ ಹತ್ತು ನಿಮಿಷವನ್ನ ನೆಂಟರಿಗೆ ಮನೆಯಲ್ಲಿ ತೋರಿಸಿದ್ರೆ ಯಾರೂ ಕೇಳಲ್ಲ.